ಊಟಕ್ಕೆ ಕರೆದು ಕೊಲ್ಲುವವರ ಸಿನಿಮಾವನ್ನು ನಮ್ಮೂರಿನಲ್ಲಿ ತೋರಿಸುವ ಬಗೆ

ದಾವಣಗೆರೆಯ ವಿದ್ಯಾನಗರದಲ್ಲಿ ಸ್ನೇಹಿತರೊಬ್ಬರ ಮನೆಯ ಮಹಡಿಯ ಮೇಲೆ ನಾವು ಕೆಲವರು ಭಾನುವಾರದ ಸಂಜೆಗಳಲ್ಲಿ ಸೇರಿ ಸಿನಿಮಾ ನೋಡುತ್ತೇವೆ ಮತ್ತು ನೋಡಿದ ಮೇಲೆ ಅದರ ಬಗ್ಗೆ ಮಾತನಾಡುತ್ತೇವೆ. ಇಷ್ಟು ವರ್ಷಗಳಲ್ಲಿ ತೋರಿಸಿದ ಸಿನಿಮಾಗಳ ಪೈಕಿ ನಮ್ಮನ್ನು ಅತಿ ಹೆಚ್ಚು ಪೇಚಿಗೆ ಸಿಲುಕಿಸಿದ್ದು 1995ರ ‘ದ ಲಾಸ್ಟ್ ಸಪ್ಪರ್’ ಎಂಬ ಅಮೆರಿಕದ ಕರಾಳ ವಿಡಂಬನೆ. ಅದನ್ನು ಬೇರೆ ಬೇರೆ ಜನರಿಗೆ ಮೂರು ಸಲ ತೋರಿಸಿದೆವು. ಎರಡು ಸಲ ಕೆಟ್ಟಿತು, ಒಂದು ಸಲ ಕೂಡಿಬಂತು. ರಾಜಕೀಯದ ಅತಿರೇಕವನ್ನೂ, ‘ನಾವೇ ನೀತಿವಂತರು’ ಎಂಬ ಜಂಬವನ್ನೂ ಗೇಲಿ ಮಾಡುವ ಇಂಥ ಚಿತ್ರವನ್ನು ತಮ್ಮ ಊರಿನಲ್ಲಿ ತೋರಿಸಬೇಕೆಂದಿರುವವರಿಗೆ ಉಪಯೋಗವಾದೀತೆಂದು ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಯೋಜಕರು ಕಥೆಯ ಕೊನೆಯನ್ನು ತಿಳಿದೇ ಇರಬೇಕಾದ್ದರಿಂದ ನಾನು ಯಾವುದನ್ನೂ ಮುಚ್ಚಿಡುವುದಿಲ್ಲ.

ಚಿತ್ರದ ನಿರ್ದೇಶಕಿ ಸ್ಟೇಸಿ ಟೈಟಲ್, ಚಿತ್ರಕಥೆ ಡ್ಯಾನ್ ರೋಸೆನ್ ಅವರದು. ಅಯೋವಾ ರಾಜ್ಯದಲ್ಲಿ ಒಂದೇ ಮನೆಯಲ್ಲಿ ವಾಸಿಸುವ ಐವರು ಸ್ನಾತಕೋತ್ತರ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಅತಿಥಿಯೊಬ್ಬರನ್ನು ಊಟಕ್ಕೆ ಕರೆದು ಚರ್ಚೆ ನಡೆಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ಐವರೂ ಉದಾರವಾದಿಗಳು, ಓದಿದವರು, ಒಳ್ಳೆಯ ಮಾತುಗಾರರು. ಒಂದು ಮಳೆಯ ರಾತ್ರಿ, ಕಾರು ಕೆಟ್ಟು ನಿಂತಿದ್ದ ಒಬ್ಬನನ್ನು ಮನೆಗೆ ತಲುಪಿಸಿದ ಲಾರಿ ಚಾಲಕನೊಬ್ಬ ಊಟಕ್ಕೆ ಉಳಿಯುತ್ತಾನೆ. ಕೊಲ್ಲಿ ಯುದ್ಧದಲ್ಲಿ ದುಡಿದ ಆ ಮಾಜಿ ಸೈನಿಕ ಹಿಟ್ಲರನನ್ನು ಹೊಗಳುತ್ತಾನೆ, ಚಾಕು ಹಿಡಿದು ಹೆದರಿಸುತ್ತಾನೆ, ಒಬ್ಬನ ತೋಳು ಮುರಿಯುತ್ತಾನೆ. ಆಗ ಮತ್ತೊಬ್ಬ ಅವನ ಬೆನ್ನಿಗೆ ಇರಿಯುತ್ತಾನೆ. ಹೆಣವನ್ನು ಹಿತ್ತಲಿನಲ್ಲಿ ಹೂಳಿದ ಮೇಲೆ ಅವರಿಗೆ ಹೊಳೆಯುವ ವಿಚಾರವೇ ಚಿತ್ರದ ತಿರುಳು. ಲೋಕಕ್ಕೆ ಕೆಡುಕು ಮಾಡುವ ಅಭಿಪ್ರಾಯದವರನ್ನು ಒಬ್ಬೊಬ್ಬರಾಗಿ ಊಟಕ್ಕೆ ಕರೆದು, ಮನಸ್ಸು ಬದಲಿಸಲು ಊಟದ ಕೊನೆಯ ಸಿಹಿ ಬರುವವರೆಗೆ ಅವಕಾಶ ಕೊಟ್ಟು, ಬದಲಿಸದಿದ್ದರೆ ನೀಲಿ ಹೂಜಿಯಿಂದ ಆರ್ಸೆನಿಕ್ ಬೆರೆಸಿದ ವೈನ್ ಬಡಿಸಿಬಿಡುವುದು ಎಂದು ಅವರು ತೀರ್ಮಾನಿಸುತ್ತಾರೆ. ನಮ್ಮ ಹಳಬರು ಪಾಷಾಣ ಎನ್ನುವುದು ಇದನ್ನೇ. ಹಿತ್ತಲಿನಲ್ಲಿ ಗುಂಡಿಗಳು ಹೆಚ್ಚಿದಂತೆ ಟೊಮೆಟೊ ಫಸಲೂ ಸೊಗಸಾಗಿ ಬರುತ್ತದೆ.

ಪ್ರದರ್ಶನಕ್ಕೆ ಮುಂಚೆ ಆಯೋಜಕರು ಚಿತ್ರವನ್ನು ಎರಡು ಸಲ ನೋಡಬೇಕು. ಮೊದಲ ಸಲ ಎಲ್ಲರಂತೆ ನಕ್ಕು ನೋಡಿದರೆ ಸಾಕು. ಎರಡನೆಯ ಸಲ ಅತಿಥಿಗಳ ಮಾತನ್ನು ಬಿಟ್ಟು ಆತಿಥೇಯರ ಮುಖಗಳನ್ನಷ್ಟೇ ಗಮನಿಸಬೇಕು. ಆರಂಭದಲ್ಲಿ ಅತಿಥಿಯ ಮಾತನ್ನು ಕೇಳಿಸಿಕೊಳ್ಳುವ ಆ ಮುಖಗಳು ಬರಬರುತ್ತಾ ಕೇಳಿಸಿಕೊಳ್ಳುವುದನ್ನೇ ಬಿಟ್ಟು, ಹೂಜಿ ಯಾವಾಗ ಮೇಜಿಗೆ ಬರುತ್ತದೆಂದು ಕಾಯತೊಡಗುತ್ತವೆ. ಚರ್ಚೆಯನ್ನು ನಡೆಸಬೇಕಾದವರು ಈ ಬದಲಾವಣೆಯನ್ನು ತಮ್ಮ ಕಣ್ಣಿನಿಂದಲೇ ಕಂಡಿರಬೇಕು. ಯಾರೋ ಹೇಳಿದ್ದನ್ನು ಕೇಳಿ ಬಂದರೆ ಸಭೆಯ ನಡುವೆ ದಾರಿ ತಪ್ಪುತ್ತದೆ.

ಪರವಾನಗಿಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಅದನ್ನು ಹಗುರವಾಗಿ ಎಣಿಸಬಾರದು. ಮನೆಯಲ್ಲಿ ನೋಡಲು ಕೊಂಡ ಡಿವಿಡಿಯಾಗಲಿ, ತಿಂಗಳ ಚಂದಾ ಕಟ್ಟಿದ ಓಟಿಟಿ ಖಾತೆಯಾಗಲಿ ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕು ಕೊಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದಕ್ಕೆ ಹಕ್ಕುದಾರರ ಅನುಮತಿ ಬೇಕು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕವಾಗಿ ತೋರಿಸುವ ಚಿತ್ರಕ್ಕೆ ಪ್ರಮಾಣಪತ್ರವೂ ಇರಬೇಕು. ಶಿಕ್ಷಣ ಸಂಸ್ಥೆಯೊಂದು ತನ್ನ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಸಂಸ್ಥೆಯ ಕೆಲಸಕ್ಕೆ ಸಂಬಂಧಪಟ್ಟವರಿಗಷ್ಟೇ ತೋರಿಸುವುದಾದರೆ ಕೃತಿಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಹಾಗಾಗಿ ಕಾಲೇಜಿನೊಳಗೆ ಕೆಲಸ ಸುಲಭ, ಚೀಟಿ ಅಂಟಿಸಿ ಊರನ್ನೇ ಕರೆಯುವುದು ಕಷ್ಟ. ಅಮೆರಿಕದಲ್ಲಿ ಈ ಚಿತ್ರಕ್ಕೆ ಸಿಕ್ಕಿದ್ದು ‘ಆರ್’ ಶ್ರೇಣಿ. ಹೊಲಸು ಬೈಗುಳವೂ ರಕ್ತವೂ ಇರುವುದರಿಂದ ವಯಸ್ಕರಿಗೆ ಮಾತ್ರ ತೋರಿಸತಕ್ಕದ್ದು.

ಯಾರನ್ನು ಕರೆಯಬೇಕೆಂಬಲ್ಲಿಯೇ ನಾನು ಮೊದಲು ಎಡವಿದ್ದು. ಮೊದಲ ಪ್ರದರ್ಶನಕ್ಕೆ ನಾನು ಕರೆದವರೆಲ್ಲ ನನ್ನಂತೆಯೇ ಯೋಚಿಸುವವರು: ನಾಟಕದವರು, ಕನ್ನಡದ ಮೇಷ್ಟ್ರುಗಳು, ಒಂದೇ ಬಗೆಯ ಪತ್ರಿಕೆಗಳನ್ನು ಓದುವವರು. ಎಲ್ಲರೂ ಹೊಟ್ಟೆ ತುಂಬ ನಕ್ಕರು. ಸಲಿಂಗಿಗಳನ್ನು ಹಳಿಯುವ ಪಾದ್ರಿ ಸತ್ತಾಗ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ‘ಈ ಸಿನಿಮಾವನ್ನು ಅವರಿಗೆ ತೋರಿಸಬೇಕಿತ್ತು ನೋಡಿ’ ಎಂದು ಹೇಳಿಕೊಂಡು, ತೃಪ್ತಿಯಿಂದ ಮನೆಗೆ ಹೋದರು. ಚಿತ್ರ ಯಾರನ್ನು ಹಿಡಿದು ಅಲುಗಿಸಲು ಹೊರಟಿತ್ತೋ ಅವರೇ ಅದರಿಂದ ಬೆನ್ನು ತಟ್ಟಿಸಿಕೊಂಡು ಹೋದಂತಾಯಿತು. ಎದುರಾಳಿಗೆ ಪಾಠ ಕಲಿಸುವ ಆಸೆಯಿಂದ ಇಂಥ ಚಿತ್ರವನ್ನು ಆರಿಸಿಕೊಳ್ಳುವವರು ಅದನ್ನು ತೋರಿಸದಿರುವುದೇ ಲೇಸು, ಏಕೆಂದರೆ ಅದರ ಗುರಿ ಆರಿಸಿಕೊಂಡವರೇ.

ಎರಡನೆಯ ಸಲ ಈ ತಪ್ಪನ್ನು ತಿದ್ದಿಕೊಳ್ಳಲು ಹೋಗಿ ಎದುರು ಬಣದವರನ್ನೂ ಸಮಸಮವಾಗಿ ಕರೆದೆ. ಅವರು ಒಂದು ಕಡೆ, ಇವರು ಒಂದು ಕಡೆ ಕುಳಿತರು. ಚಿತ್ರ ಮುಗಿದ ಹತ್ತೇ ನಿಮಿಷದಲ್ಲಿ ಅಯೋವಾ ಮರೆತುಹೋಗಿ, ನಮ್ಮ ಕಡೆಯ ಚುನಾವಣೆಯ ಜಗಳ ಆರಂಭವಾಯಿತು. ಕೆಳಗಿನ ಮನೆಯವರು ಮೆಟ್ಟಿಲೇರಿ ಬಂದು ‘ಏನಾತ್ರಿ?’ ಎಂದು ವಿಚಾರಿಸಿದರು. ಆದ್ದರಿಂದ ಮೂರನೆಯ ಸಲಕ್ಕೆ ಬಣಗಳನ್ನು ಲೆಕ್ಕ ಹಾಕುವುದನ್ನು ಕೈಬಿಟ್ಟು ಕಸುಬುಗಳನ್ನು ಲೆಕ್ಕ ಹಾಕಿದೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವರೊಬ್ಬರು, ನಿವೃತ್ತರಾದ ಇತಿಹಾಸದ ಉಪನ್ಯಾಸಕರು, ಹತ್ತಿ ಗಿರಣಿಯಲ್ಲಿ ದುಡಿದು ಬಿಟ್ಟ ಹಿರಿಯರು, ಇಬ್ಬರು ನರ್ಸುಗಳು, ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು. ಕುರ್ಚಿ ತೆಗೆಸಿ ಜಮಖಾನ ಹಾಸಿದೆವು. ಜಮಖಾನದ ಮೇಲೆ ಬಣಗಳು ನಿಲ್ಲುವುದಿಲ್ಲ. ಕಾಲು ಚಾಚಲು ಜಾಗ ಸಿಕ್ಕಲ್ಲಿ ಜನ ಕುಳಿತುಕೊಳ್ಳುತ್ತಾರೆ.

ಚಿತ್ರದ ಅವಧಿ 92 ನಿಮಿಷ. ಚರ್ಚೆಗೂ ಕನಿಷ್ಠ ಅಷ್ಟೇ ಹೊತ್ತು ಬೇಕು. ಸಂಜೆ ಐದೂವರೆಗೆ ಶುರು ಮಾಡಿದರೆ ಊಟದ ಹೊತ್ತಿಗೆ ಎಲ್ಲರೂ ಮನೆ ಸೇರಬಹುದು. ಮಧ್ಯಂತರ ಕೊಡಕೂಡದು, ಮತ್ತು ಕೊಡುವುದಿಲ್ಲವೆಂದು ಮೊದಲೇ ಹೇಳಿಬಿಡಬೇಕು. ಕಂಪನಿ ನಾಟಕಗಳನ್ನೂ ಟಾಕೀಸುಗಳನ್ನೂ ನೋಡಿ ಬೆಳೆದ ನಮಗೆ ನಡುವೆ ಎದ್ದು ಚಹಾ ಕುಡಿಯುವ ಅಭ್ಯಾಸವಿದೆ. ಈ ಚಿತ್ರದಲ್ಲಿ ಆ ಹತ್ತು ನಿಮಿಷ ಸಿಕ್ಕಿತೆಂದರೆ ಜನ ಪರಸ್ಪರ ಕೇಳಿಕೊಂಡು, ತಮ್ಮ ತೀರ್ಪನ್ನು ಗಟ್ಟಿ ಮಾಡಿಕೊಂಡು ಒಳಗೆ ಬರುತ್ತಾರೆ. ಕರೆಂಟಿಗೆ ಯುಪಿಎಸ್ ಇರಲಿ. ಸಂಭಾಷಣೆಯೇ ಚಿತ್ರದ ಜೀವಾಳವಾದ್ದರಿಂದ ಪರದೆಗಿಂತ ಸ್ಪೀಕರಿಗೆ ಹೆಚ್ಚು ಗಮನ ಕೊಡಬೇಕು. ಇಂಗ್ಲಿಷ್ ಅಡಿಬರಹ ಹಾಕಿದರೂ ವೇಗದ ಮಾತನ್ನು ಹಿಂಬಾಲಿಸಲು ಕಷ್ಟಪಡುವವರಿಗಾಗಿ ಒಂದು ಪುಟದ ಕನ್ನಡ ಟಿಪ್ಪಣಿ ಬರೆದು ಹಂಚಬೇಕು. ಐವರ ಹೆಸರುಗಳಾದ ಜೂಡ್, ಪೀಟ್, ಪೌಲಿ, ಮಾರ್ಕ್, ಲ್ಯೂಕ್ ಎಂಬವನ್ನೂ ಯಾರು ಯಾವ ಅಂಗಿಯಲ್ಲಿದ್ದಾರೆಂಬುದನ್ನೂ ಅದರಲ್ಲಿ ಬರೆದಿದ್ದೆವು, ಕಥೆಯನ್ನು ಬರೆದಿರಲಿಲ್ಲ.

ಆರಂಭದ ಮಾತು ಐದು ನಿಮಿಷ ಮೀರಬಾರದು. ಮೂರು ಸಂಗತಿಗಳನ್ನು ಮಾತ್ರ ಹೇಳಿದರೆ ಸಾಕು. ಯೇಸು ಶಿಲುಬೆಗೇರುವ ಮುನ್ನ ತನ್ನ ಹನ್ನೆರಡು ಶಿಷ್ಯರೊಂದಿಗೆ ಮಾಡಿದ ಕೊನೆಯ ಊಟದ ಹೆಸರನ್ನು ಚಿತ್ರಕ್ಕೆ ಇಟ್ಟಿದ್ದಾರೆ. ಆ ಪಂಕ್ತಿಯಲ್ಲೂ ದ್ರೋಹಿಯೊಬ್ಬ ಕುಳಿತಿದ್ದ. ಎರಡನೆಯದು, ಅಮೆರಿಕದ ಎಡ ಬಲಗಳನ್ನು ನಮ್ಮ ಪಕ್ಷಗಳ ಮೇಲೆ ನೇರವಾಗಿ ಹೊಂದಿಸಿ ನೋಡಲಾಗದು. ಬಂದೂಕು, ಗರ್ಭಪಾತ, ಗ್ರಂಥಾಲಯದಲ್ಲಿ ಯಾವ ಪುಸ್ತಕ ಇರಬೇಕು ಎಂಬಂಥವು ಅಲ್ಲಿಯ ಜಗಳಗಳು. ಮೂರನೆಯದು ಆ ಕಾಲದ ರೇಡಿಯೊ. ವಿವಾದದ ವಿಷಯಗಳಲ್ಲಿ ಎರಡೂ ಕಡೆಯ ಅಭಿಪ್ರಾಯಕ್ಕೆ ಜಾಗ ಕೊಡಬೇಕೆಂದು ಪ್ರಸಾರ ಸಂಸ್ಥೆಗಳಿಗಿದ್ದ ನಿಯಮವನ್ನು ಅಮೆರಿಕದ ಸರ್ಕಾರಿ ಆಯೋಗ 1987ರಲ್ಲಿ ಕೈಬಿಟ್ಟಿತು. ಮರುವರ್ಷವೇ ರಶ್ ಲಿಂಬಾ ಎಂಬ ಮಾತುಗಾರನ ಕಾರ್ಯಕ್ರಮ ದೇಶಾದ್ಯಂತ ಪ್ರಸಾರವಾಗತೊಡಗಿತು. ಸಿಟ್ಟು ಬರಿಸುವ ಮಾತಿಗೆ ಕೇಳುಗರೂ ಜಾಹೀರಾತೂ ಹೇರಳವಾಗಿ ಸಿಗುತ್ತವೆಂಬುದು ಎಲ್ಲರಿಗೂ ತಿಳಿಯಿತು. ಚಿತ್ರದ ಕೊನೆಯ ಅತಿಥಿ, ಟಿವಿಯ ವಾಚಾಳಿ ನಾರ್ಮನ್ ಆರ್ಬತ್‌ನಾಟ್, ಅಂಥವರ ಅಚ್ಚಿನಲ್ಲೇ ಎರಕ ಹೊಯ್ದ ಪಾತ್ರ. ಇದಿಷ್ಟು ಹೇಳಿ ದೀಪ ಆರಿಸಬೇಕು. ‘ಇದು ನಮ್ಮೆಲ್ಲರ ಆತ್ಮಾವಲೋಕನಕ್ಕೆ’ ಎಂಬ ಮಾತನ್ನು ಆಡಿದಿರೋ, ಅಲ್ಲಿಗೆ ಜನ ಪ್ರವಚನಕ್ಕೆ ಬಂದವರಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತುಬಿಡುತ್ತಾರೆ, ಆಮೇಲೆ ಯಾರೂ ನಗುವುದಿಲ್ಲ. ಮೊದಲು ನಗದಿದ್ದವರನ್ನು ಈ ಚಿತ್ರ ಹಿಡಿಯಲಾರದು.

ದೀಪ ಆರಿಸುವ ಮುನ್ನ ಪ್ರತಿಯೊಬ್ಬರ ಕೈಗೂ ಅಂಗೈ ಅಗಲದ ಕಾಗದದ ಚೂರು ಮತ್ತು ಒಂದು ಪೆನ್ಸಿಲು ಕೊಡಬೇಕು. ಹೆಸರು ಬರೆಯುವಂತಿಲ್ಲ. ‘ಯಾವ ಅತಿಥಿಯ ಹೊತ್ತಿಗೆ ನಿಮಗೆ ನಗು ಬರುವುದು ನಿಂತಿತು?’ ಎಂಬ ಒಂದೇ ಪ್ರಶ್ನೆಗೆ ಒಂದು ಅಂಕಿಯನ್ನೋ ಒಂದು ಗುರುತನ್ನೋ ಬರೆದರೆ ಸಾಕು. ಇದು ನಮ್ಮ ಮೂರನೆಯ ಪ್ರದರ್ಶನವನ್ನು ಉಳಿಸಿದ ಉಪಾಯ. ಚರ್ಚೆಯಲ್ಲಿ ಬಾಯಿ ಬಿಟ್ಟು ‘ನಾನು ಎಂಟನೆಯ ಹೆಣದವರೆಗೂ ನಗುತ್ತಿದ್ದೆ’ ಎಂದು ಒಪ್ಪಿಕೊಳ್ಳುವ ಧೈರ್ಯ ಯಾರಿಗೂ ಇರುವುದಿಲ್ಲ, ಚೀಟಿಗೆ ಇರುತ್ತದೆ.

ಇಲ್ಲಿ ತಿಂಡಿಯ ಬಗ್ಗೆ ಒಂದು ಎಚ್ಚರಿಕೆ. ನಮ್ಮೂರಿನಲ್ಲಿ ನಾಲ್ಕು ಜನ ಸೇರಿದರೆ ಮಂಡಕ್ಕಿ, ಮಿರ್ಚಿ ಇಲ್ಲದೆ ಮಾತು ಆರಂಭವಾಗುವುದಿಲ್ಲ. ಚಿತ್ರ ಮುಗಿದು ದೀಪ ಹಾಕಿದಾಗ ಸ್ನೇಹಿತರ ಮನೆಯಾಕೆ ದೊಡ್ಡ ಬೋಗುಣಿಯಲ್ಲಿ ಖಾರ ಮಂಡಕ್ಕಿ ತಂದಿಟ್ಟರು. ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಧಾರಾಳವಾಗಿ ಟೊಮೆಟೊ. ಆ ಕೆಂಪು ಹೋಳುಗಳನ್ನು ಕಂಡು ಮೊದಲ ಸಾಲಿನವರು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡರು. ‘ಯಾಕ್ರೀ ಯಾರೂ ತಿನ್ನವಲ್ರಿ, ಉಪ್ಪು ಹೆಚ್ಚಾಗೇತೇನು?’ ಎಂದು ಆಕೆ ಕೇಳಿದಾಗ, ಅದುವರೆಗೆ ಉಸಿರು ಬಿಗಿಹಿಡಿದು ಕುಳಿತಿದ್ದ ಕೋಣೆಯೆಲ್ಲ ಒಮ್ಮೆಗೇ ನಕ್ಕಿತು. ನೀವೂ ಬೇಕೆಂದೇ ಹಾಗೆ ಮಾಡಲು ಹೋಗಬೇಡಿ. ಯೋಜಿಸಿ ಮಾಡಿದರೆ ಕುಚೋದ್ಯವಾಗುತ್ತದೆ.

ಚರ್ಚೆಯ ಮೊದಲ ಅರ್ಧ ಗಂಟೆ ಯಾವ ಪಕ್ಷದ, ಯಾವ ನಾಯಕರ ಹೆಸರನ್ನೂ ಎತ್ತಬಾರದೆಂಬ ನಿಯಮ ಮಾಡಿ, ಎತ್ತಿದವರು ಅಂದಿನ ಮಿರ್ಚಿಯ ಖರ್ಚು ಕೊಡಬೇಕೆಂದು ಸಾರಬೇಕು. ಹಾಸ್ಯಕ್ಕೆ ಹೇಳಿದಂತಿದ್ದರೂ ಈ ದಂಡ ಕೆಲಸ ಮಾಡುತ್ತದೆ. ಅನಂತರ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಸೇರಿಸಿ, ಯಾರಾದರೂ ಎಳೆಯರಿಂದ ಒಂದೊಂದಾಗಿ ಓದಿಸಬೇಕು. ಓದುವಾಗ ಯಾರೂ ವ್ಯಾಖ್ಯಾನ ಮಾಡಕೂಡದು. ನಮ್ಮಲ್ಲಿ ‘ಮೊದಲನೆಯವನು’ ಎಂದು ಬರೆದವರು ಕಡಿಮೆ, ‘ಕೊನೆಯವನು’ ಎಂದು ಬರೆದವರು ಇದ್ದರು, ಒಂದು ಚೀಟಿಯಲ್ಲಿ ಬರೀ ‘ಪೊಲೀಸಮ್ಮ’ ಎಂದಿತ್ತು. ಕಾಣೆಯಾದ ಹುಡುಗಿಯೊಬ್ಬಳನ್ನು ಹುಡುಕುತ್ತ ಈ ಮನೆಗೆ ಬರುವ ಷೆರಿಫ್ ಆಕೆ. ಯಾವ ಕೆಟ್ಟ ಅಭಿಪ್ರಾಯವೂ ಇಲ್ಲದ, ತನ್ನ ಕೆಲಸವನ್ನಷ್ಟೇ ಮಾಡುತ್ತಿದ್ದ ಆ ಹೆಂಗಸನ್ನು ಲ್ಯೂಕ್ ಕೊಲ್ಲುತ್ತಾನೆ. ಉಳಿದವರಿಗೆ ಹೇಳುವುದೂ ಇಲ್ಲ. ಆ ಚೀಟಿಯನ್ನು ಹಿಡಿದುಕೊಂಡೇ ಚರ್ಚೆಯನ್ನು ಮುಂದುವರಿಸಿದೆವು. ಲೋಕೋದ್ಧಾರಕ್ಕಾಗಿ ಆರಂಭವಾದ ಕೊಲೆ ಸಿಕ್ಕಿಬೀಳುವ ಭಯಕ್ಕಾಗಿ ಮಾಡುವ ಕೊಲೆಯಾದದ್ದು ಯಾವ ಊಟದಲ್ಲಿ ಎಂಬ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಇತಿಹಾಸದ ಉಪನ್ಯಾಸಕರು, ಮೊದಲ ಹೆಣವನ್ನು ಹೂತಾಗಲೇ ಅದು ಹಾಗಾಗಿತ್ತು, ನೀತಿಯನ್ನು ಆಮೇಲೆ ಹೊದಿಸಿದರು ಎಂದರು. ನನಗೆ ಅದು ಸರಿಯೆನಿಸುತ್ತದೆ.

ಚರ್ಚೆಯಲ್ಲಿ ಯಾರಾದರೂ ನೀವು ಸಿದ್ಧಪಡಿಸದ ಪ್ರಶ್ನೆಯನ್ನು ಎತ್ತಿದರೆ ನಿಮ್ಮ ಪಟ್ಟಿಯನ್ನು ಜೇಬಿನಲ್ಲಿಟ್ಟು ಅದರ ಹಿಂದೆ ಹೋಗಬೇಕು. ಮೆಕ್ಕೆಜೋಳದ ವ್ಯಾಪಾರಿ ಅದುವರೆಗೆ ಒಂದು ಮಾತನ್ನೂ ಆಡಿರಲಿಲ್ಲ. ‘ಅಲ್ರೀ ಮೇಷ್ಟ್ರೆ, ಅವ್ನು ಏನಾರ ಅನ್ಲಿ, ಎಂಥ ನೀಚನಾರ ಆಗ್ಲಿ. ಕರದು ಎಲಿ ಮುಂದ ಕುಂದ್ರಿಸಿದ ಮ್ಯಾಲೆ ಅವ್ನು ನಮ್ಮ ಮನಿ ಅತಿಥಿ ಅಲ್ಲೇನ್ರಿ?’ ಎಂದು ಅವರು ಕೇಳಿದರು. ನಾನು ತಯಾರಿಸಿಕೊಂಡು ಹೋಗಿದ್ದ ಪ್ರಶ್ನೆಗಳೆಲ್ಲ ಉದಾರವಾದ, ಸಂಪ್ರದಾಯವಾದ, ವಾಕ್‌ಸ್ವಾತಂತ್ರ್ಯಗಳ ಸುತ್ತ ಇದ್ದವು. ಅನ್ನದ ಋಣ ನನಗೆ ಹೊಳೆದೇ ಇರಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದೆಂದು ಅತಿಥಿಗೆ ಕಟ್ಟು ಹಾಕುವ ಗಾದೆ ನಮ್ಮ ಬಾಯಲ್ಲಿ ಸದಾ ಇದೆ. ಉಣ್ಣಿಸುವವನು ಎರಡು ಬಗೆದರೆ ಏನೆನ್ನಬೇಕು? ಅಂಥದೊಂದು ಗಾದೆಗಾಗಿ ಎಲ್ಲರೂ ತಡಕಾಡಿದರು, ಯಾರಿಗೂ ತಟ್ಟನೆ ನೆನಪಾಗಲಿಲ್ಲ. ಉಣ್ಣಿಸುವವನು ಹಾಗೆ ಮಾಡಿಯಾನೆಂದು ಗಾದೆ ಕಟ್ಟಿದವರು ಎಣಿಸಿರಲಿಲ್ಲವೇನೋ ಎಂದು ನರ್ಸೊಬ್ಬರು ಹೇಳಿದರು. ದಾಸೋಹದ ಪಂಕ್ತಿಗಳಲ್ಲಿ ಕುಳಿತು ಉಂಡು ಬೆಳೆದ ಈ ಸೀಮೆಯ ಜನರಿಗೆ ಚಿತ್ರದ ಅತಿ ಭೀಕರ ವಸ್ತು ಆರ್ಸೆನಿಕ್ ಅಲ್ಲ, ಬಡಿಸುವವರ ಮುಖದ ನಗು ಎಂಬುದು ನನಗೆ ಅಂದು ತಿಳಿಯಿತು.

ಕಂಪನಿ ನಾಟಕದ ಹಾಸ್ಯಗಾರನಿಗೂ ಇಂಥ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಈ ಘಟ್ಟದಲ್ಲಿ ಕೇಳಿದರೆ ಹಿರಿಯರು ಮಾತಿಗಿಳಿಯುತ್ತಾರೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಗಿರಣಿಯ ಹಿರಿಯರು ನೆನಪಿಸಿಕೊಂಡಂತೆ, ಹಾಸ್ಯಗಾರ ಸಾಹುಕಾರನನ್ನೂ ಗೌಡನನ್ನೂ ಲೇವಡಿ ಮಾಡುವಾಗ ಪ್ರೇಕ್ಷಕರನ್ನು ತನ್ನ ಪಕ್ಕಕ್ಕೆ ಕರೆದುಕೊಂಡಿರುತ್ತಾನೆ. ಕರಾಳ ವಿಡಂಬನೆಯೂ ಮೊದಲು ಹಾಗೆಯೇ ಪಕ್ಕಕ್ಕೆ ಕರೆಯುತ್ತದೆ, ಆಮೇಲೆ ಕುಳಿತ ಬೆಂಚನ್ನೇ ಎಳೆಯುತ್ತದೆ. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರು ತಿರುಗಿ ಗಂಭೀರ ನಾಟಕಗಳನ್ನು ತೋರಿಸಿದ್ದರಿಂದ ಇಲ್ಲಿಯ ಪ್ರೇಕ್ಷಕರಿಗೆ ಇಂಥ ಎಳೆತ ಹೊಸದೇನಲ್ಲ. ನಮ್ಮ ಸಭೆಯಲ್ಲೂ ಒಬ್ಬರು ತಾವಾಗಿಯೇ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋದರು. ಸಮಾನತೆಯ ಮಾತು ಆಡಿದವರ ನಡುವೆಯೇ ಬಿಜ್ಜಳನ ಕೊಲೆಯ ಹೊತ್ತಿಗೆ ಕತ್ತಿಯ ಮಾತು ಹೇಗೆ ಬಂತು ಎಂದು ಕೇಳಿದರು. ಆಯೋಜಕರು ತಾವೇ ಈ ಹೋಲಿಕೆಯನ್ನು ಮುಂದಿಡಬಾರದು. ಪ್ರೇಕ್ಷಕರಿಂದ ಬಂದರೆ ತಡೆಯಲೂಬಾರದು.

ಹಿಟ್ಲರನ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು. 1909ರ ಆಸ್ಟ್ರಿಯಾದಲ್ಲಿ, ಇನ್ನೂ ಯಾವ ಪಾಪವನ್ನೂ ಮಾಡದ ಅಡಾಲ್ಫ್ ಎಂಬ ಕಲಾವಿದ್ಯಾರ್ಥಿ ನಿಮಗೆ ಸಿಕ್ಕರೆ ಕೊಲ್ಲುವಿರಾ ಎಂಬುದು ಚಿತ್ರದೊಳಗಿನ ಪ್ರಶ್ನೆ. ಇದನ್ನು ಮೊದಲೇ ಎತ್ತಿದರೆ ಸಭೆ ತರ್ಕದ ಕಸರತ್ತಿಗೆ ಇಳಿದು ಉಳಿದದ್ದೆಲ್ಲ ಬದಿಗೆ ಸರಿಯುತ್ತದೆ. ಉಪನ್ಯಾಸಕರು ಇಲ್ಲಿ ಸಣ್ಣ ತಿದ್ದುಪಡಿ ಮಾಡಿದರು: ಹಿಟ್ಲರ್ ಕಲಾಶಾಲೆಯ ವಿದ್ಯಾರ್ಥಿ ಆಗಿರಲೇ ಇಲ್ಲ, ವಿಯೆನ್ನಾದ ಕಲಾ ಅಕಾಡೆಮಿ 1907ರಲ್ಲೂ 1908ರಲ್ಲೂ ಅವನನ್ನು ಸೇರಿಸಿಕೊಳ್ಳದೆ ತಿರಸ್ಕರಿಸಿತ್ತು. ‘ಹಾಗಾದರೆ ಕೊಲ್ಲೋ ಬದಲು ಸೀಟು ಕೊಡಿಸಬಹುದಿತ್ತಲ್ಲ ಸರ್’ ಎಂದು ಎಂಜಿನಿಯರಿಂಗ್ ಹುಡುಗಿ ಹೇಳಿದಳು. ಅದನ್ನು ಕೇಳಿ ಎಲ್ಲರೂ ನಕ್ಕರು. ಆದರೆ ಆರ್ಬತ್‌ನಾಟ್ ಕೊಡುವ ಉತ್ತರವೂ ಇದಕ್ಕೆ ದೂರವಲ್ಲ. ಕೊಲ್ಲುವುದಿಲ್ಲ, ಮಾತನಾಡಿ ಮನಸ್ಸು ಬದಲಿಸಲು ನೋಡುತ್ತೇನೆ ಎನ್ನುತ್ತಾನೆ. ಟಿವಿಯಲ್ಲಿ ಬೆಂಕಿ ಕಾರುವ ಅವನು ಊಟದ ಮೇಜಿನ ಮುಂದೆ ಸಾವಧಾನಿ. ಅತಿರೇಕದ ಮಾತನ್ನು ತಾನು ಆಡುವುದೇ ವೀಕ್ಷಕರ ಸಂಖ್ಯೆಗಾಗಿ ಎಂದು ಒಪ್ಪಿಕೊಳ್ಳುತ್ತಾನೆ. ಐವರೂ ಅಡುಗೆಮನೆಯಲ್ಲಿ ಕಿತ್ತಾಡಿ, ಇವನನ್ನು ಬಿಟ್ಟುಬಿಡೋಣ ಎಂದು ಹೊರಬರುವಷ್ಟರಲ್ಲಿ ಅವನಿಗೆ ಗುಟ್ಟು ತಿಳಿದಿರುತ್ತದೆ, ಐದು ಲೋಟಗಳು ತುಂಬಿರುತ್ತವೆ. ಕೊನೆಯಲ್ಲಿ ಐವರ ಗತಿಯನ್ನು ಒಂದು ವರ್ಣಚಿತ್ರ ಹೇಳುತ್ತದೆ.

ಆರ್ಬತ್‌ನಾಟನನ್ನು ಗೆದ್ದವನೆಂದು ಹೊಗಳುವವರೂ, ಅವನೇ ನಿಜವಾದ ಖಳನೆನ್ನುವವರೂ ಪ್ರತಿ ಸಭೆಯಲ್ಲಿ ಸಿಗುತ್ತಾರೆ. ಇಬ್ಬರಿಗೂ ಒಂದೇ ಪ್ರಶ್ನೆ ಹಾಕಬೇಕು: ತಾನೇ ನಂಬದ ಮಾತನ್ನು ಲಕ್ಷಾಂತರ ಜನರಿಗೆ ಹೇಳುವವನು ಹೆಚ್ಚು ಅಪಾಯಕಾರಿಯೋ, ನಂಬಿದ್ದಕ್ಕಾಗಿ ವಿಷ ಬೆರೆಸುವವರೋ? ಉತ್ತರ ಒಂದಕ್ಕೆ ಬರಬೇಕಿಲ್ಲ. ಚಿತ್ರದ ಕೊರತೆಯನ್ನು ಹೇಳಲೂ ಇದೇ ಸರಿಯಾದ ಹೊತ್ತು. ನಡುವಣ ಅತಿಥಿಗಳೆಲ್ಲ ರಟ್ಟಿನ ಬೊಂಬೆಗಳು. ಬಾಯಿ ತೆಗೆದರೆ ಒಂದೇ ದುರಭಿಪ್ರಾಯ, ಬೇರೆ ಬದುಕೇ ಇಲ್ಲ. ನಿರ್ದೇಶಕಿ ಅವರಿಗೆ ಹೆಂಡತಿಯನ್ನೋ, ಕೆಮ್ಮನ್ನೋ, ಮನೆಯ ಸಾಲವನ್ನೋ ಕೊಟ್ಟಿದ್ದರೆ ನಮಗೆ ಇಷ್ಟು ಸುಲಭವಾಗಿ ನಗು ಬರುತ್ತಿರಲಿಲ್ಲ. ಇದು ಚಿತ್ರದ ದೋಷವೋ ನಮಗೆ ಒಡ್ಡಿದ ಬಲೆಯೋ ಎಂಬುದರಲ್ಲಿ ನನ್ನ ಮನಸ್ಸು ಎರಡು ಕಡೆಗೂ ವಾಲುತ್ತದೆ. ಅಂದು ಕೋಣೆಯೂ ಹಾಗೆಯೇ ವಾಲಿತು.

ಭಾಷಣ ಮಾಡುವವರು ಒಬ್ಬರಾದರೂ ಬಂದೇ ಬರುತ್ತಾರೆ. ಅವರನ್ನು ತಡೆಯದೆ, ‘ನೀವು ಚೀಟಿಯಲ್ಲಿ ಏನು ಬರೆದಿರಿ?’ ಎಂದು ಕೇಳಿದರೆ ಸಾಕು.

ಎಲ್ಲ ಚೀಟಿಗಳು ಮುಗಿದ ಮೇಲೆ ಆಯೋಜಕರು ತಮ್ಮದನ್ನು ಹೆಸರು ಹೇಳಿಯೇ ಓದಬೇಕು. ನಾನು ಮೊದಲ ಪ್ರದರ್ಶನದ ದಿನ ಬರೆಯಬೇಕಿದ್ದ ಅಂಕಿಯನ್ನು ಓದಿದೆ: ಹತ್ತು. ಅಂದರೆ ಹಿತ್ತಲು ತುಂಬುವವರೆಗೆ ನಾನು ನಗುತ್ತಲೇ ಇದ್ದೆ. ಉಪನ್ಯಾಸಕರು ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಹೇಳಲಿಲ್ಲ.

ಜಮಖಾನ ಮಡಚುವಾಗ, ಒಮ್ಮೆ ಬಾಯಿ ಬಿಟ್ಟ ಮೇಲೆ ವಾದದಲ್ಲಿ ನನಗೆ ಸತತವಾಗಿ ಎದುರು ನಿಂತಿದ್ದ ವ್ಯಾಪಾರಿಯನ್ನು ಮುಂದಿನ ಭಾನುವಾರ ಮನೆಗೆ ಊಟಕ್ಕೆ ಬರಬೇಕೆಂದು ಕರೆದೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ‘ಬರ್ತೀನ್ರಿ, ಆದ್ರ ಈ ವಾರ ಬ್ಯಾಡ’ ಎಂದರು. ಊಟಕ್ಕೆ ಕರೆಯುವ ಉದ್ದೇಶ ನಿಮಗೂ ಇದ್ದರೆ ಪ್ರದರ್ಶನಕ್ಕೂ ಅದಕ್ಕೂ ನಡುವೆ ಹದಿನೈದು ದಿನವಾದರೂ ಅಂತರ ಇಟ್ಟುಕೊಳ್ಳಿ.